ಉಳಿದ 16 ಪೆಟ್ಟಿಗೆಗಳು



ಜೀವಶಾಸ್ತ್ರದಲ್ಲಿ ನಾವೆಲ್ಲ ಮೆಂಡಲ್‌ನ ಬಟಾಣಿ ಗಿಡಗಳ ಪಾಠ ಓದುತ್ತೇವೆ. ಎತ್ತರ, ಗಿಡ್ಡ, 3:1 ಎಂದು ಬರೆದು ಅಂಕ ಪಡೆಯುತ್ತೇವೆ. ಅದೇ ನಿಯಮಗಳನ್ನು ಜೇನುನೊಣಗಳಿಗೆ ಅನ್ವಯಿಸಲು ಇಡೀ ಬದುಕನ್ನೇ ಸವೆಸಿದ ಒಬ್ಬರಿದ್ದರು. ಅವರೇ ಬ್ರದರ್ ಆಡಂ. ಜೇನು ಸಾಕುವವರಲ್ಲಿ ಬಹಳ ಪ್ರಸಿದ್ಧ ಹೆಸರು. ಅವರ ಬಗ್ಗೆ ಓದಿದಾಗ ನಿಮಗೂ ಹೇಳಬೇಕೆನಿಸಿತು.

ಅವರು ಹುಟ್ಟಿದ್ದು 1898ರ ಆಗಸ್ಟ್ 3ರಂದು, ಜರ್ಮನಿಯಲ್ಲಿ. ಮೊದಲ ಹೆಸರು ಕಾರ್ಲ್ ಕೆರ್ಲೆ. 11ನೇ ವಯಸ್ಸಿಗೇ ಮನೆ ಬಿಟ್ಟು, ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಬಕ್‌ಫಾಸ್ಟ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠಕ್ಕೆ ಸೇರಿದರು. ಆರೋಗ್ಯ ಅಷ್ಟಕ್ಕಷ್ಟೆ. ಕಟ್ಟಡದ ಕಲ್ಲು ಕೆಲಸ ಅವರಿಗೆ ಆಗಲಿಲ್ಲ. ಹಾಗಾಗಿ 1915ರಲ್ಲಿ ಮಠದ ಜೇನು ಪೆಟ್ಟಿಗೆಗಳ ಕೆಲಸಕ್ಕೆ ಹಚ್ಚಿದರು.

ಮರುವರ್ಷವೇ ದೊಡ್ಡ ಆಪತ್ತು ಬಂತು. ವೈಟ್ ದ್ವೀಪದಲ್ಲಿ ಶುರುವಾಗಿ ಬ್ರಿಟನ್ನಿನುದ್ದಕ್ಕೂ ಹಬ್ಬಿದ್ದ ಜೇನುರೋಗ ಮಠಕ್ಕೂ ಕಾಲಿಟ್ಟಿತು. 46 ಕುಟುಂಬಗಳಲ್ಲಿ 30 ಸತ್ತುಹೋದವು. ನೊಣದ ಉಸಿರು ನಾಳದೊಳಗೆ ಬದುಕುವ ಕಣ್ಣಿಗೆ ಕಾಣದ ನುಸಿಯೇ ಇದಕ್ಕೆ ಕಾರಣವೆಂದು 1921ರಲ್ಲಿ ಜಾನ್ ರೆನ್ನಿ ಮತ್ತು ಸಂಗಡಿಗರು ತಿಳಿಸಿದರು. ಆದರೆ 18ರ ಹುಡುಗ ಆಡಂ ಅದಕ್ಕೂ ಮೊದಲೇ ಒಂದು ವಿಷಯ ಗಮನಿಸಿದ್ದರು. ಸತ್ತವು ಆ ನಾಡಿನ ಕಪ್ಪು ಜೇನು. ಉಳಿದ 16 ಪೆಟ್ಟಿಗೆಗಳಲ್ಲಿದ್ದದ್ದು ಇಟಲಿಯ ರಾಣಿಗಳ ಸಂತತಿ. ಅಂದರೆ ರೋಗ ತಾಳುವ ಗುಣ ತಳಿಯಲ್ಲೇ ಇತ್ತು. ಔಷಧ ಹುಡುಕುವುದಕ್ಕಿಂತ ಆ ಗುಣವನ್ನೇ ಬೆಳೆಸಬಾರದೇಕೆ? ಅವರ ಮುಂದಿನ ಎಲ್ಲ ಕೆಲಸ ಇದೇ ಪ್ರಶ್ನೆಯ ಬೆನ್ನು ಹಿಡಿಯಿತು.

ಆದರೆ ಜೇನು ಬಟಾಣಿ ಗಿಡದಂತಲ್ಲ. ರಾಣಿಜೇನು ಆಕಾಶದಲ್ಲಿ ಹಾರುತ್ತಾ ಹಲವು ಗಂಡುನೊಣಗಳೊಡನೆ ಕೂಡುತ್ತದೆ. ತಂದೆ ಯಾರೆಂದು ಹೇಳುವುದು ಹೇಗೆ? 1925ರಲ್ಲಿ ಆಡಂ ಇದಕ್ಕೊಂದು ದಾರಿ ಕಂಡುಕೊಂಡರು. ಬೇರೆ ಜೇನಿಲ್ಲದ ಡಾರ್ಟ್‌ಮೂರ್ ಎಂಬ ಚಳಿಯ ಬಯಲಿಗೆ ಎಳೆಯ ರಾಣಿಗಳನ್ನೂ ತಾವು ಆರಿಸಿದ ಗಂಡುನೊಣಗಳನ್ನೂ ಒಯ್ದು ಇಟ್ಟರು. ಒಳ್ಳೆಯ ಕುಟುಂಬಗಳನ್ನು ಆರಿಸುವುದು, ಮತ್ತೆ ಕೂಡಿಸುವುದು, ಮತ್ತೆ ಆರಿಸುವುದು. ಹೀಗೆ ರೂಪುಗೊಂಡದ್ದೇ ಇಂದು ಲೋಕಪ್ರಸಿದ್ಧವಾದ ಬಕ್‌ಫಾಸ್ಟ್ ಜೇನು. ಉಸಿರುನಾಳದ ನುಸಿಯನ್ನು ತಾಳಿಕೊಳ್ಳುವುದರ ಜೊತೆಗೆ ಅದು ಸಾಧು, ಜೇನುತುಪ್ಪವನ್ನೂ ಚೆನ್ನಾಗಿ ಕೊಡುತ್ತದೆ.

ನನಗೆ ಹೆಚ್ಚು ಅಚ್ಚರಿಯಾದದ್ದು ಅವರ ಪ್ರವಾಸಗಳು. 50 ದಾಟಿದ ಮೇಲೆ, 1950ರಿಂದ, ಹೊಸ ತಳಿಗಳನ್ನು ಹುಡುಕಿ ಸಿರಿಯಾ, ಟರ್ಕಿ, ಈಜಿಪ್ಟ್, ಮೊರಾಕೊ ಮುಂತಾದ ದೇಶಗಳಲ್ಲಿ ಸುತ್ತಿದರು. ಟರ್ಕಿಯ ಅನಟೋಲಿಯಾ ಜೇನನ್ನು ತಮ್ಮ ತಳಿಗೆ ಬೆರೆಸಿದರು. 90ರ ಹೊಸ್ತಿಲಲ್ಲಿದ್ದಾಗ ಆಫ್ರಿಕಾದ ಕಿಲಿಮಂಜಾರೊ ಬೆಟ್ಟಕ್ಕೂ ಹೋದರು!

1992ರಲ್ಲಿ ಅವರು ಜೇನಿನ ಹೊಣೆ ಬಿಟ್ಟುಕೊಟ್ಟರು. ಅದೇ ವರ್ಷ ಬ್ರಿಟನ್ನಿನಲ್ಲಿ ವರೋವಾ ಎಂಬ ಇನ್ನೊಂದು ನುಸಿ ಮೊದಲ ಬಾರಿ ಪತ್ತೆಯಾಯಿತು, ಅದೂ ಅವರ ಡೆವನ್‌ನಲ್ಲೇ. ಅದನ್ನು ತಾಳುವ ತಳಿ ಬೆಳೆಸುವ ಕೆಲಸ ಮುಂದಿನವರ ಪಾಲಿಗೆ ಉಳಿಯಿತು. 1996ರ ಸೆಪ್ಟೆಂಬರ್ 1ರಂದು ಆಡಂ ತೀರಿಕೊಂಡರು.

ಈ ವರೋವಾದ ಮೂಲ ಆಶ್ರಯ ಏಷ್ಯಾದ ಜೇನು, ಎಂದರೆ ನಮ್ಮ ತುಡುವೆಯ ಕುಲ. ತುಡುವೆ ನೊಣಗಳು ಮೈಮೇಲಿನ ನುಸಿಯನ್ನು ತಾವೇ ಕಿತ್ತು ಹಾಕುತ್ತವೆ. ನುಸಿ ಹೆಚ್ಚಾಗಿ ಗಂಡುಮರಿಗಳ ಕೋಣೆಗಳಲ್ಲಷ್ಟೇ ಮರಿ ಮಾಡುತ್ತದೆ. ಆದರೆ ತುಡುವೆಗೂ ಬೇರೆ ಶತ್ರುಗಳಿದ್ದಾರೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕರ್ನಾಟಕದ ಬಹುಪಾಲು ತುಡುವೆ ಕುಟುಂಬಗಳು ನಾಶವಾದವು.

ಆದ್ದರಿಂದ ಗೆಳೆಯರೇ, ನಿಮ್ಮ ಮನೆಯಲ್ಲೋ ನೆಂಟರ ತೋಟದಲ್ಲೋ ಜೇನು ಪೆಟ್ಟಿಗೆಗಳಿದ್ದರೆ ಒಂದು ಕೆಲಸ ಮಾಡಿ. ರೋಗ ಬಂದ ವರ್ಷ ಎಷ್ಟು ಸತ್ತವು ಎಂದು ಎಣಿಸುವುದರ ಜೊತೆಗೆ, ಯಾವುದು ಉಳಿಯಿತು ಎಂದೂ ಗುರುತು ಹಾಕಿಡಿ. ಮುಂದಿನ ಕುಟುಂಬಗಳನ್ನು ಅದರಿಂದಲೇ ಮಾಡಲು ದೊಡ್ಡವರಿಗೆ ಹೇಳಿ.

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ