ಭಿಕ್ಷಾಪಾತ್ರೆ ಹಿಡಿದ ಬಿಷಪ್ ಆಲ್ವಾರಿಸ್ ಮಾರ್ ಜೂಲಿಯಸ್

ಬ್ರಹ್ಮಾವರದ ಸಂತ ಮೇರಿ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಮೂಲವನ್ನು ಅರಸಿ ಹೊರಟವರು ಕೊನೆಗೆ ಗೋವೆಯ ಪಣಜಿಯನ್ನು ತಲುಪುತ್ತಾರೆ. ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಆ ನಗರದ ಅಂಗಡಿಗಳ ಮುಂದೆ ವೃದ್ಧ ಬಿಷಪರೊಬ್ಬರು ಪಾತ್ರೆ ಹಿಡಿದು ನಿಲ್ಲುತ್ತಿದ್ದರು. ತಮಗಾಗಿ ಅಲ್ಲ, ತಮ್ಮ ಆಶ್ರಯದಲ್ಲಿದ್ದ ನಿರ್ಗತಿಕರಿಗೂ ಕುಷ್ಠರೋಗಿಗಳಿಗೂ ಅಂದಿನ ಅನ್ನ ಒದಗಿಸುವುದಕ್ಕಾಗಿ.

ಅಂತೋನಿಯೊ ಫ್ರಾನ್ಸಿಸ್ಕೊ ಝೇವಿಯರ್ ಆಲ್ವಾರಿಸ್ 1836ರಲ್ಲಿ ಗೋವೆಯ ವೆರ್ಣಾ ಗ್ರಾಮದಲ್ಲಿ ಜನಿಸಿದರು. ಕೆಥೊಲಿಕ್ ಗುರುವಾಗಿ ದೀಕ್ಷೆ ಪಡೆದು, 1871ರಲ್ಲಿ ಪಣಜಿಯಲ್ಲಿ ದೀನರ ನೆರವಿಗೆ ಸೇವಾ ಸಂಘವೊಂದನ್ನು ಆರಂಭಿಸಿದರು. ಬೀದಿಯ ಭಿಕ್ಷುಕರಿಂದ ತೊಡಗಿದ ಈ ಕಾರ್ಯ ಕ್ರಮೇಣ ಗೋವೆಯ ಇತರ ಪಟ್ಟಣಗಳಿಗೂ ಹಬ್ಬಿತು. ಜತೆಗೆ ಪತ್ರಿಕೆಗಳನ್ನೂ ನಡೆಸಿದರು. ಸರಕಾರವನ್ನಾಗಲಿ ಧರ್ಮಾಧಿಕಾರಿಗಳನ್ನಾಗಲಿ ಅವರ ಲೇಖನಿ ಬಿಡಲಿಲ್ಲ. ಅದರ ಫಲವನ್ನು ಅವರು ಜೀವನಪೂರ್ತಿ ಉಣ್ಣಬೇಕಾಯಿತು.

1886ರಲ್ಲಿ ಪೋರ್ಚುಗಲ್ ಮತ್ತು ರೋಮ್ ನಡುವೆ ಒಪ್ಪಂದವಾದಾಗ, ತಲೆಮಾರುಗಳಿಂದ ಗೋವೆಯ ಆರ್ಚ್‌ಬಿಷಪರ ಅಧೀನದಲ್ಲಿದ್ದ ಕೆನರಾದ ಕ್ರೈಸ್ತರು ಮಂಗಳೂರಿನ ಆಡಳಿತಕ್ಕೆ ಸೇರಬೇಕಾಯಿತು. ಬ್ರಹ್ಮಾವರ, ಕಲ್ಯಾಣಪುರ ಭಾಗದ ಹಲವು ಕೊಂಕಣಿ ಕುಟುಂಬಗಳಿಗೆ ಇದು ರುಚಿಸಲಿಲ್ಲ. ಅವರ ಅಸಮಾಧಾನಕ್ಕೆ ದನಿಯಾದ ಆಲ್ವಾರಿಸರು ಮಲಂಕರ ಸಭೆಯತ್ತ ತಿರುಗಿದರು. 1889ರ ಜುಲೈಯಲ್ಲಿ ಕೊಟ್ಟಾಯಂನಲ್ಲಿ ಅವರಿಗೆ ಬಿಷಪ್ ಅಭಿಷೇಕವಾಯಿತು. ಅಭಿಷೇಕ ನೀಡಿದವರಲ್ಲಿ ಪರುಮಲದ ಮಾರ್ ಗ್ರೆಗೋರಿಯೋಸರೂ ಒಬ್ಬರು. ಅಂದಿನಿಂದ ಅವರು ಮಾರ್ ಜೂಲಿಯಸ್ ಆದರು.

ಅಧಿಕಾರವ್ಯಾಪ್ತಿಯ ಆ ಜಗಳದಲ್ಲಿ ಯಾರದು ಸರಿ, ಯಾರದು ತಪ್ಪು ಎಂಬುದರ ಬಗ್ಗೆ ಇಂದಿಗೂ ಎರಡು ಅಭಿಪ್ರಾಯಗಳಿರಬಹುದು. ಆಲ್ವಾರಿಸರು ಸುಲಭದ ಮನುಷ್ಯರೂ ಆಗಿರಲಿಲ್ಲ. ಆದರೆ ಗೋವೆಗೆ ಮರಳಿದ ಮೇಲೆ ಅವರು ಅನುಭವಿಸಿದ್ದು ಭಿನ್ನಾಭಿಪ್ರಾಯಕ್ಕೆ ತೆರಬೇಕಾದ ಬೆಲೆಗಿಂತ ಬಹಳ ಹೆಚ್ಚು. ಪೊಲೀಸರು ಬಂಧಿಸಿದರು. ಬಿಷಪರ ಉಡುಪನ್ನು ಕಳಚಿಸಲಾಯಿತು. ನ್ಯಾಯಾಲಯದ ಕಟಕಟೆಯನ್ನೂ ಅವರು ಏರಬೇಕಾಯಿತು. ಹುಟ್ಟಿದ ಸಭೆಯ ದೃಷ್ಟಿಯಲ್ಲಿ ಅವರು ಕೊನೆಯವರೆಗೂ ಧರ್ಮದ್ರೋಹಿಯೇ.

ಇಷ್ಟಾದರೂ ಅವರ ಮನಸ್ಸು ಕಹಿಯಾಗಲಿಲ್ಲ. ಕಾಲರಾ ಊರೂರನ್ನು ಕಾಡುತ್ತಿದ್ದಾಗ ಅದರ ಚಿಕಿತ್ಸಾಕ್ರಮವನ್ನು ತಿಳಿಸುವ ಕಿರುಹೊತ್ತಗೆಯನ್ನು ಪ್ರಕಟಿಸಿದರು. ಆಹಾರದ ಕೊರತೆ ನೀಗಲು ಮರಗೆಣಸು ಬೆಳೆಯಿರೆಂದು ಪ್ರಚಾರ ಮಾಡಿದರು. ಧರ್ಮಗುರುವೊಬ್ಬರು ಗೆಡ್ಡೆಯ ಬೇಸಾಯದ ಬಗ್ಗೆ ತಲೆಕೆಡಿಸಿಕೊಂಡದ್ದು ಕೆಲವರಿಗೆ ವಿಚಿತ್ರವೆನಿಸಬಹುದು. ಹಸಿದವರನ್ನು ದಿನವೂ ಕಂಡವರಿಗೆ ಅದರಲ್ಲಿ ಸೋಜಿಗವೇನೂ ಇರದು. ಬದುಕಿನ ಕೊನೆಯ ದಶಕವನ್ನು ಬಹುಪಾಲು ಪಣಜಿಯ ಅನಾಥರಿಗೂ ರೋಗಿಗಳಿಗೂ ಮೀಸಲಿಟ್ಟರು. ಕುಷ್ಠರೋಗಿಯ ನೆರಳಿಗೂ ಜನ ಹೆದರುತ್ತಿದ್ದ ಕಾಲವದು.

ಆ ದಿನಗಳ ಪ್ರಸಂಗವೊಂದು ಅವರ ಅನುಯಾಯಿಗಳಲ್ಲಿ ಇಂದಿಗೂ ಜನಜನಿತ. ಭಿಕ್ಷೆ ಬೇಡುತ್ತ ಬಂದ ಬಿಷಪರ ಪಾತ್ರೆಗೆ ವ್ಯಾಪಾರಿಯೊಬ್ಬ ಉಗುಳಿದನಂತೆ. ಅವರು ಸಿಟ್ಟಾಗದೆ, ಇದು ತನ್ನ ಪಾಲಿಗಾಯಿತು, ಇನ್ನು ಬಡವರ ಪಾಲಿನದನ್ನು ಕೊಡಬೇಕೆಂದು ಕೇಳಿಕೊಂಡರಂತೆ. ನಾಚಿದ ವ್ಯಾಪಾರಿ ಧಾರಾಳವಾಗಿ ನೀಡಿದನೆಂದು ಹೇಳುತ್ತಾರೆ.

ಇತ್ತ ಬ್ರಹ್ಮಾವರದ ಹೊಣೆ ಅವರ ಸಹವರ್ತಿ ಫಾದರ್ ರೋಕ್ ಝೆಫ್ರಿನ್ ನೊರೊನ್ಹಾ ಅವರ ಹೆಗಲೇರಿತ್ತು. ಬಿಷಪರು ದೂರದಲ್ಲಿದ್ದಾಗಲೂ, ಅವರು ಗತಿಸಿದ ಬಳಿಕವೂ, ಈ ಸಣ್ಣ ಸಮುದಾಯ ಚದುರಿಹೋಗದಂತೆ ಕಾಯ್ದವರು ಅವರೇ. 1936ರಲ್ಲಿ ನಿಧನರಾಗುವವರೆಗೂ ಈ ನೆಲವನ್ನು ಅವರು ಬಿಡಲಿಲ್ಲ.

1923ರ ಸೆಪ್ಟೆಂಬರ್ 23ರಂದು ಆಲ್ವಾರಿಸರು ರಿಬಂದರಿನ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಪಣಜಿಯ ಪುರಭವನದಲ್ಲಿ ಪಾರ್ಥಿವ ಶರೀರವನ್ನು ಅಂತಿಮ ದರ್ಶನಕ್ಕಿರಿಸಿದಾಗ ಬಡವರು ಗುಂಪುಗುಂಪಾಗಿ ಬಂದರು; ಒಂದು ಕಾಲಕ್ಕೆ ಅವರನ್ನು ಸೆರೆಹಿಡಿದ ಸರಕಾರದ ಪ್ರತಿನಿಧಿಗಳೂ ಬಂದು ಗೌರವ ಸಲ್ಲಿಸಿದರು. ಆದರೂ ಸಾಂತಾ ಇನೆಜ್ ಸ್ಮಶಾನದ ಮೂಲೆಯೊಂದರಲ್ಲಿ ನಡೆದ ಸಂಸ್ಕಾರಕ್ಕೆ ಧಾರ್ಮಿಕ ವಿಧಿಗಳಿರಲಿಲ್ಲ. ಕೆಲವು ವರ್ಷಗಳ ತರುವಾಯ ಮಿತ್ರರು ಅಲ್ಲೊಂದು ದೊಡ್ಡ ಶಿಲುಬೆ ನಿಲ್ಲಿಸಿದರು. ಕಾಲ ಸರಿದಂತೆ ಮರೆತುಹೋಗಿದ್ದ ಆ ಸಮಾಧಿಯನ್ನು ಮಲಂಕರ ಸಭೆಯವರು 1960ರ ದಶಕದಲ್ಲಿ ಮತ್ತೆ ಗುರುತಿಸಿದರು. ಅಸ್ಥಿಗಳೀಗ ರಿಬಂದರಿನ ಸಂತ ಮೇರಿ ಇಗರ್ಜಿಯಲ್ಲಿವೆ. 2010ರಲ್ಲಿ ಬ್ರಹ್ಮಾವರವೇ ಪ್ರತ್ಯೇಕ ಧರ್ಮಪ್ರಾಂತವಾಯಿತು. ನೊರೊನ್ಹಾ ಅವರ ಸ್ಮರಣೆ ಇಲ್ಲಿ ಜುಲೈಯಲ್ಲಿ ನಡೆದರೆ, ಸೆಪ್ಟೆಂಬರಿನಲ್ಲಿ ರಿಬಂದರಿನ ಸಮಾಧಿಯ ಬಳಿ ಆಲ್ವಾರಿಸರ ಸ್ಮರಣೆ ನಡೆಯುತ್ತದೆ.