ಕುಂದಗೋಳದ ಗುರು ಸವಾಯಿ ಗಂಧರ್ವರು



ಕುಂದಗೋಳ ನನ್ನ ಊರು. ಈ ಊರಿನ ಹೆಸರನ್ನು ದೇಶಕ್ಕೆಲ್ಲ ತಿಳಿಸಿದವರು ಸವಾಯಿ ಗಂಧರ್ವರು. ಅವರು ದೊಡ್ಡ ಗಾಯಕರೆಂದು ಎಲ್ಲರಿಗೂ ಗೊತ್ತು. ಒಂದು ಕಡೆ ನಿಲ್ಲದ ಹುಡುಗನೊಬ್ಬನನ್ನು ಸಂಗೀತದಿಂದಲೇ ನೆಲೆ ನಿಲ್ಲಿಸಿದವರೂ ಹೌದು. ಅದಕ್ಕೇ ಅವರ ಬಗ್ಗೆ ಬರೆಯುತ್ತಿದ್ದೇನೆ.

ಅವರ ಹೆಸರು ರಾಮಚಂದ್ರ. ಜನ ಕರೆಯುತ್ತಿದ್ದುದು ರಾಮಭಾವು ಎಂದು. 1886ರ ಜನವರಿ 19ರಂದು ಅಮರಗೋಳದಲ್ಲಿ ಹುಟ್ಟಿದರು. ತಂದೆ ಕುಂದಗೋಳದ ನಾಡಗೀರ ಮನೆತನದಲ್ಲಿ ಗುಮಾಸ್ತರು. ಹುಡುಗ ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ ಹೋದರೂ ಓದು ಹೆಚ್ಚು ಸಾಗಲಿಲ್ಲ, ಮನಸ್ಸೆಲ್ಲ ಹಾಡಿನಲ್ಲಿತ್ತು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಅವರನ್ನು ಶಿಷ್ಯನನ್ನಾಗಿ ಸ್ವೀಕರಿಸಿದರು. ಹರೆಯದಲ್ಲಿ ದನಿ ಒಡೆದು ಮಾಧುರ್ಯ ಹೋಯಿತು. ರಾಮಭಾವು ಕೈಬಿಡಲಿಲ್ಲ. ವರ್ಷಗಟ್ಟಲೆ ರಿಯಾಜ್ ಮಾಡಿ ಅದೇ ದನಿಯನ್ನು ಪಳಗಿಸಿದರು. ಮುಂದೆ ಮರಾಠಿ ರಂಗಭೂಮಿಯಲ್ಲಿ ಹೆಸರು ಮಾಡಿ ಸವಾಯಿ ಗಂಧರ್ವರಾದರು.

1936ರಲ್ಲಿ ಅವರ ಬಳಿಗೆ ಬಂದವನು ಭೀಮಸೇನ ಜೋಶಿ ಎಂಬ ಹುಡುಗ. ಚಿಕ್ಕಂದಿನಲ್ಲಿ ಭಜನೆ, ಬ್ಯಾಂಡಿನ ಸದ್ದು ಕೇಳಿದರೆ ಸಾಕು, ಅದರ ಹಿಂದೆಯೇ ಹೋಗಿ ದಣಿದಲ್ಲಿ ಮಲಗಿಬಿಡುತ್ತಿದ್ದ. ಮಗನನ್ನು ಹುಡುಕಿ ಸಾಕಾದ ತಂದೆ ಅವನ ಅಂಗಿಯ ಮೇಲೆ ತಮ್ಮ ಗುರುತು ಬರೆದಿದ್ದರು. 1933ರಲ್ಲಿ, 11ನೇ ವಯಸ್ಸಿನಲ್ಲಿ, ಗುರುವನ್ನು ಹುಡುಕಿ ಮನೆಬಿಟ್ಟು ಓಡಿಹೋದ. ಕೊನೆಗೆ ಸಿಕ್ಕಿದ್ದು ದೂರದ ಜಲಂಧರದಲ್ಲಿ.

ಸವಾಯಿ ಗಂಧರ್ವರು ಈ ಹುಡುಗನಿಗೆ ಉಪದೇಶ ಮಾಡುತ್ತ ಕೂಡಲಿಲ್ಲ. ನೀರು ಹೊರುವ, ಮನೆಗೆಲಸದ ಹೊಣೆ ಕೊಟ್ಟರು. ಮುಖ್ಯವಾಗಿ ತೋಡಿ, ಮುಲ್ತಾನಿ, ಪೂರಿಯಾ ರಾಗಗಳನ್ನೇ ಮತ್ತೆ ಮತ್ತೆ ತಿದ್ದಿ ಕಲಿಸಿದರು. ಊರೂರು ಅಲೆದ ಹುಡುಗ ಕುಂದಗೋಳದಲ್ಲಿ ವರ್ಷಗಟ್ಟಲೆ ನಿಂತ. 1952ರಲ್ಲಿ ಗುರುಗಳು ತೀರಿಕೊಂಡ ಮೇಲೆ ಅವರ ನೆನಪಿಗಾಗಿ ಪುಣೆಯಲ್ಲಿ ಸಂಗೀತ ಮಹೋತ್ಸವ ನಡೆಸಿದವರೂ ಈ ಶಿಷ್ಯರೇ. 2008ರಲ್ಲಿ ಅವರಿಗೆ ಭಾರತರತ್ನ ಘೋಷಣೆಯಾಯಿತು.

ಆಗ ಇದನ್ನು ಯಾರೂ ಸಂಗೀತ ಚಿಕಿತ್ಸೆ ಎನ್ನಲಿಲ್ಲ. ಇಂದು ಆ ಹೆಸರಿನಲ್ಲಿ ತರಬೇತಿ ಪಡೆದವರಿದ್ದಾರೆ. ಚಂಚಲ ಮಕ್ಕಳಿಗೆ ತಾಳ, ಹಾಡುಗಳ ಮೂಲಕ ನೆರವಾಗುತ್ತಾರೆ. ಎಲ್ಲರೂ ಭೀಮಸೇನರಾಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ನನ್ನ ತರಗತಿಯಲ್ಲೂ ಸುಮ್ಮನೆ ಕೂಡಲಾರದ ಗೆಳೆಯನೊಬ್ಬನಿದ್ದಾನೆ. ಪಾಠದ ನಡುವೆ ಬೆಂಚು ಬಡಿಯುತ್ತಾನೆ, ತಾಳ ಮಾತ್ರ ತಪ್ಪುವುದಿಲ್ಲ. ಅವನನ್ನು ಉಡಾಳ ಎಂದು ಕರೆಯುವ ಮೊದಲು, ಈ ಸಲದ ವಾರ್ಷಿಕೋತ್ಸವಕ್ಕೆ ಅವನ ಮುಂದೆ ಒಂದು ಜೋಡಿ ತಬಲಾ ಇಟ್ಟು ನೋಡೋಣವೇ?