ಕೌದಿ: ಹಳೆಯ ಸೀರೆಯಿಂದ ಮನೆಯ ಹೊದಿಕೆ

ಹಳೆಯ ಸೀರೆ, ಧೋತರ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಕೈಯಿಂದಲೇ ಹೊಲಿದ ದಪ್ಪನೆಯ ಹೊದಿಕೆಗೆ ಉತ್ತರ ಕರ್ನಾಟಕದಲ್ಲಿ ಕೌದಿ ಎನ್ನುತ್ತಾರೆ. ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಕಲಬುರಗಿ ಜಿಲ್ಲೆಗಳ ಹಳ್ಳಿಗಳ ಹಲವು ಮನೆಗಳಲ್ಲಿ ಕೌದಿ ಕಾಣಸಿಗುತ್ತದೆ. ನೆಲಕ್ಕೆ ಹಾಸಿದರೆ ಅದೇ ಹಾಸಿಗೆ, ಚಳಿಗೆ ಹೊದ್ದರೆ ಅದೇ ಹೊದಿಕೆ. ತೊಟ್ಟಿಲಿನ ಕೂಸಿಗೆ ಚಿಕ್ಕ ಕೌದಿ, ದೊಡ್ಡವರಿಗೆ ದೊಡ್ಡ ಕೌದಿ. ಅಜ್ಜಿಯ ಸೀರೆ, ಅಪ್ಪನ ಅಂಗಿ, ಅಕ್ಕನ ಲಂಗ ಎಲ್ಲವೂ ಒಂದೇ ಬಟ್ಟೆಯಲ್ಲಿ ಸೇರುವುದರಿಂದ, ಯಾವ ತುಂಡು ಯಾರದೆಂದು ಗುರುತಿಸುವುದು ಮಕ್ಕಳಿಗೆ ಇಷ್ಟದ ಆಟ.

ಹೊಲಿಯುವವರು

ಸುಗ್ಗಿಯ ಕೆಲಸ ಮುಗಿದು ಹೊಲದಲ್ಲಿ ಬಿಡುವಾದಾಗ ಮನೆಯ ಹೆಂಗಸರು ಕೌದಿ ಹೊಲಿಯಲು ಕೂರುತ್ತಾರೆ. ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಬಟ್ಟೆಯನ್ನು ಪೂರ್ತಿ ಹರಡಿ, ಅದರ ಮೇಲೆಯೇ ಕುಳಿತು, ಇಬ್ಬರು ಮೂವರು ಒಂದೊಂದು ಬದಿಯಿಂದ ಹೊಲಿಯುತ್ತಾ ಬರುವುದುಂಟು. ಊರೂರು ತಿರುಗಿ ಕೌದಿ ಹೊಲಿದುಕೊಡುವವರೂ ಇದ್ದಾರೆ. ಈ ಕೆಲಸಕ್ಕೆ ಗೊಂದಲಿಗರ ಸಮುದಾಯದ ಮಹಿಳೆಯರು ಹೆಸರಾದವರು. ಗೊಂದಲಿಗರ ಮೇಳ ಎಂಬ ಕಥೆ ಹಾಡುವ ಕಲೆಯೂ ಇದೇ ಸಮುದಾಯದ್ದು. ಮನೆಯವರು ಹಳೆ ಬಟ್ಟೆ ಕೊಟ್ಟರೆ ಸಾಕು; ಯಾವುದು ಒಳಗೆ, ಯಾವುದು ಮೇಲೆ, ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಹೊಲಿಯುವವರ ಕಣ್ಣೇ ತೀರ್ಮಾನಿಸುತ್ತದೆ. ಕಾಗದದ ಮೇಲೆ ನಕ್ಷೆ ಬರೆಯುವ ರೂಢಿಯಿಲ್ಲ.

ಕೌದಿಗೆ ಬೇಕಾದ ಸಾಮಾನು ಕಡಿಮೆ: ಉದ್ದನೆಯ ಸೂಜಿ, ದಪ್ಪ ನೂಲಿನ ದಾರ, ಕತ್ತರಿ ಮತ್ತು ಹಳೆಯ ಹತ್ತಿ ಬಟ್ಟೆ. ಹೊಲಿಗೆಯೂ ಒಂದೇ ಬಗೆಯದು. ಸೂಜಿಯನ್ನು ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ ಹಾಯಿಸುತ್ತಾ ನೇರ ಸಾಲಿನಲ್ಲಿ ಮುಂದೆ ಸಾಗಿದರೆ ಆಯಿತು. ಸಾಲಿನ ಪಕ್ಕ ಸಾಲು, ಬೆರಳಗಲದ ಅಂತರದಲ್ಲಿ, ಇಡೀ ಬಟ್ಟೆ ತುಂಬುವವರೆಗೆ ಹೊಲಿಗೆ ನಡೆಯುತ್ತದೆ. ಈ ಸಾಲುಗಳು ಬರಿಯ ಅಲಂಕಾರವಲ್ಲ. ಎಲ್ಲ ಪದರಗಳನ್ನೂ ಒಟ್ಟಿಗೆ ಹಿಡಿದಿಡುವುದು ಅವೇ. ಒಗೆದಾಗ ಒಳಗಿನ ಬಟ್ಟೆ ಸರಿದು ಒಂದು ಮೂಲೆಗೆ ಸೇರದಂತೆ ಅವು ತಡೆಯುತ್ತವೆ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಶಾಖವನ್ನು ಹೊರಗೆ ಹೋಗಗೊಡುವುದಿಲ್ಲ. ಕೌದಿ ಬೆಚ್ಚಗಿರುವುದು ಇದರಿಂದ. ಹತ್ತಾರು ಸಲ ಒಗೆದ ಹತ್ತಿ ಬಟ್ಟೆಯಲ್ಲಿ ಗಂಜಿಯ ಬಿಗಿ ಉಳಿದಿರುವುದಿಲ್ಲ. ಅದು ಮೃದುವಾಗಿ ಬೆವರನ್ನು ಚೆನ್ನಾಗಿ ಹೀರುತ್ತದೆ. ಎಳೆಗೂಸಿನ ಮೈಗೆ ಹೊಸ ಬಟ್ಟೆಗಿಂತ ಹಳೆಯ ಸೀರೆ ಹಿತ ಎಂದು ಅಜ್ಜಿಯರು ಹೇಳುವುದಕ್ಕೆ ಕಾರಣ ಇದೇ.

ಸಿದ್ದಿಯರ ಕವಂದಿ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಇವರ ಪೂರ್ವಜರು ಆಫ್ರಿಕಾದಿಂದ ಬಂದವರು. ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದ ಹಲವರು ತಪ್ಪಿಸಿಕೊಂಡು ಪಶ್ಚಿಮ ಘಟ್ಟದ ಕಾಡುಗಳಲ್ಲಿ ನೆಲೆ ಕಂಡುಕೊಂಡರು. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. 2003ರಲ್ಲಿ ಇವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಲಾಯಿತು.

ಸಿದ್ದಿ ಮಹಿಳೆಯರು ಹೊಲಿಯುವ ಹೊದಿಕೆಗೆ ಕವಂದಿ ಎಂಬ ಹೆಸರಿದೆ. ಒಂದು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತು ಹಾಕುತ್ತಾ, ತುಂಡಿನ ಪಕ್ಕ ತುಂಡು ಸೇರಿಸುತ್ತಾ, ಸುತ್ತು ಸುತ್ತಾಗಿ ನಡುವಿನವರೆಗೆ ಬಂದು ನಿಲ್ಲುವುದು ಇದರ ಕ್ರಮ. ನಾಲ್ಕು ಮೂಲೆಗಳಲ್ಲೂ ಮಡಚಿದ ಬಟ್ಟೆಯ ಪುಟ್ಟ ಹೂವು ಇರಲೇಬೇಕು. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾಯಿತು ಎಂದು ಅವರು ಒಪ್ಪುವುದಿಲ್ಲ. ಕ್ರೈಸ್ತರ ಕವಂದಿಯಲ್ಲಿ ಶಿಲುಬೆ, ಮುಸ್ಲಿಮರ ಕವಂದಿಯಲ್ಲಿ ಅರ್ಧಚಂದ್ರ ಕಾಣುವುದೂ ಉಂಟು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊದಿಕೆಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು.

ಬೇರೆ ನಾಡುಗಳ ನೆಂಟರು

ಹಳೆ ಬಟ್ಟೆಯನ್ನು ಪದರವಾಗಿ ಹೊಲಿಯುವ ಜಾಣ್ಮೆ ಬೇರೆಡೆಯೂ ಬೆಳೆದಿದೆ. ಬಂಗಾಳದ ಕಾಂಥಾ, ಬಿಹಾರದ ಸುಜನಿ, ಮಹಾರಾಷ್ಟ್ರದ ಗೋಧಡಿ, ಸಿಂಧ್ ಪ್ರಾಂತ್ಯದ ರಲ್ಲಿ ಇವೆಲ್ಲ ಕೌದಿಯ ನೆಂಟರೇ. ಜಪಾನಿನ ರೈತರು ನೀಲಿ ಬಟ್ಟೆಗೆ ತೇಪೆಯ ಮೇಲೆ ತೇಪೆ ಹಾಕಿ ಹೊಲಿದ ಉಡುಪಿಗೆ ಬೋರೋ ಎಂದು ಹೆಸರು. ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯಲ್ಲಿ ಆಫ್ರಿಕನ್ ಅಮೆರಿಕನ್ ಮಹಿಳೆಯರು ದುಡಿಮೆಯ ಬಟ್ಟೆಗಳಿಂದ ಹೊಲಿದ ಹೊದಿಕೆಗಳು ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿ ಪ್ರದರ್ಶನಗೊಂಡಿವೆ. 2006ರಲ್ಲಿ ಅವು ಅಲ್ಲಿನ ಅಂಚೆಚೀಟಿಗಳ ಮೇಲೂ ಬಂದವು.

ಕರ್ನಾಟಕದಲ್ಲೇ ಬಳ್ಳಾರಿ ಜಿಲ್ಲೆಯ ಸಂಡೂರಿನ ಲಂಬಾಣಿ ಮಹಿಳೆಯರ ಕೆಲಸವೂ ಕೌದಿಗೆ ಹತ್ತಿರದ್ದು. ಅವರು ತುಂಡು ಬಟ್ಟೆಗಳಿಗೆ ಕನ್ನಡಿ ಮತ್ತು ಕಸೂತಿ ಕೂಡಿಸುತ್ತಾರೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ20 ಸಂಸ್ಕೃತಿ ಸಭೆಯ ವೇಳೆ ಅವರ 1,755 ಕುಸುರಿ ವಸ್ತುಗಳನ್ನು ಒಂದೆಡೆ ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು.

ಮೊದಲ ಕೌದಿ: ಕೂರುವ ಆಸನ

ದೊಡ್ಡ ಕೌದಿಗೆ ವಾರಗಟ್ಟಲೆ ಸಮಯ ಬೇಕು. ಹೊಸದಾಗಿ ಕಲಿಯುವವರಿಗೆ 45 ಸೆಂ.ಮೀ. ಉದ್ದಗಲದ ಆಸನ ಸೂಕ್ತ. ಊಟಕ್ಕೆ, ಓದಿಗೆ, ಹಬ್ಬದ ದಿನ ದೇವರ ಮುಂದೆ ಕೂರಲು ಅದು ಉಪಯೋಗಕ್ಕೆ ಬರುತ್ತದೆ.

ಬಟ್ಟೆಯನ್ನು ಮೊದಲು ಒಗೆದು ಒಣಗಿಸಿ ಇಸ್ತ್ರಿ ಮಾಡಬೇಕು. ಒಗೆಯದ ಹತ್ತಿ ಬಟ್ಟೆ ಮುಂದೆ ಕುಗ್ಗಿದರೆ ಇಡೀ ಆಸನ ಸುಕ್ಕಾಗುತ್ತದೆ. ಹತ್ತಿಯ ಜೊತೆ ನೈಲಾನ್, ಪಾಲಿಯೆಸ್ಟರ್ ಬೆರೆಸದಿದ್ದರೆ ಒಳ್ಳೆಯದು. ಕತ್ತರಿ ಮತ್ತು ಇಸ್ತ್ರಿಪೆಟ್ಟಿಗೆಯ ಕೆಲಸಕ್ಕೆ ದೊಡ್ಡವರು ಜೊತೆಗಿರಬೇಕು.

1. ಮೇಲಿನ ಮತ್ತು ಕೆಳಗಿನ ಪದರಕ್ಕೆ 48 ಸೆಂ.ಮೀ. ಚೌಕದ ಎರಡು ಬಟ್ಟೆ, ಒಳಪದರಕ್ಕೆ 45 ಸೆಂ.ಮೀ. ಚೌಕದ ಎರಡು ಬಟ್ಟೆ ಕತ್ತರಿಸಬೇಕು. ಒಳಪದರಕ್ಕೆ ಹಳೆಯ ಪಂಚೆ ಅಥವಾ ಟವೆಲ್ ಆಗುತ್ತದೆ.

2. ಬೇರೆ ಬೇರೆ ಬಣ್ಣದ ಬಟ್ಟೆಗಳಿಂದ 17 ಸೆಂ.ಮೀ. ಚೌಕದ ಒಂಬತ್ತು ತುಂಡು ಕತ್ತರಿಸಬೇಕು. ಪ್ರತಿ ತುಂಡಿನ ನಾಲ್ಕೂ ಅಂಚನ್ನು 1 ಸೆಂ.ಮೀ. ಒಳಗೆ ಮಡಚಿ ಇಸ್ತ್ರಿ ಮಾಡಿದರೆ 15 ಸೆಂ.ಮೀ. ಚೌಕ ಸಿಗುತ್ತದೆ.

3. ಮೇಲಿನ ಬಟ್ಟೆಯ ಸುತ್ತ 1.5 ಸೆಂ.ಮೀ. ಬಿಟ್ಟು, ಈ ತುಂಡುಗಳನ್ನು ಮೂರು ಸಾಲಿನಲ್ಲಿ ಮೂರು ಮೂರರಂತೆ ಇಟ್ಟು, ಪ್ರತಿಯೊಂದರ ಅಂಚನ್ನೂ ಹೊಲಿಯಬೇಕು.

4. ಕೆಳಗಿನ ಬಟ್ಟೆಯ ಒಳಮೈ ಮೇಲೆ ಬರುವಂತೆ ಹಾಸಿ, ಅದರ ಮೇಲೆ ನಡುವಿಗೆ ಸರಿಯಾಗಿ ಎರಡು ಒಳಪದರ, ಅದರ ಮೇಲೆ ತುಂಡು ಹೊಲಿದ ಬಟ್ಟೆ ಇಡಬೇಕು. ಮೇಲಿನದರ ಮತ್ತು ಕೆಳಗಿನದರ ಅಂಚುಗಳನ್ನು ಒಳಕ್ಕೆ ಮಡಚಿ ಗುಂಡುಸೂಜಿ ಚುಚ್ಚಿ, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿದರೆ ಪದರಗಳು ಸರಿಯುವುದಿಲ್ಲ.

5. ಒಂದು ಮೂಲೆಯಿಂದ ಆರಂಭಿಸಿ ಅಂಚಿನ ಗುಂಟ ಹೊಲಿಯಬೇಕು. ಒಂದು ಸುತ್ತು ಮುಗಿದ ಮೇಲೆ 1.5 ಸೆಂ.ಮೀ. ಒಳಗೆ ಸರಿದು ಎರಡನೆಯ ಸುತ್ತು. ಹೀಗೆಯೇ ನಡುವಿನವರೆಗೆ ಹೋಗಬೇಕು. ಒಂದೊಂದು ಹೊಲಿಗೆ ಅರ್ಧ ಸೆಂ.ಮೀ. ಇದ್ದರೆ ಸಾಕು. ಕೊನೆಗೆ ಕಚ್ಚಾ ಹೊಲಿಗೆಯನ್ನು ಬಿಚ್ಚಬೇಕು.

ಈ ಚಿಕ್ಕ ಆಸನದಲ್ಲೇ ಸುತ್ತುಗಳ ಹೊಲಿಗೆಯೆಲ್ಲ ಸೇರಿ ಸುಮಾರು 14 ಮೀಟರ್ ಆಗುತ್ತದೆ. ಆದ್ದರಿಂದ ಒಂದೇ ದಿನದಲ್ಲಿ ಮುಗಿಸುವ ಆತುರ ಬೇಡ; ದಿನಕ್ಕೊಂದು ಸುತ್ತು ಹೊಲಿದರೂ ಕೆಲಸ ಸಾಗುತ್ತದೆ. ದಾರವನ್ನು ಕೈಯುದ್ದಕ್ಕಿಂತ ಹೆಚ್ಚು ತೆಗೆದುಕೊಂಡರೆ ಗಂಟಾಗುತ್ತದೆ. ಐದು ಪದರ ಚುಚ್ಚುವಾಗ ಬೆರಳಿಗೆ ಅಂಗುಸ್ತಾನ ಹಾಕಿಕೊಂಡರೆ ನೋವಾಗುವುದಿಲ್ಲ.

ತೋರಣ ಮತ್ತು ದಿಂಬಿನ ಚೀಲ

ಹಬ್ಬದಲ್ಲಿ ಬಾಗಿಲಿಗೆ ಮಾವಿನೆಲೆಯ ತೋರಣ ಕಟ್ಟುವುದು ಕನ್ನಡನಾಡಿನ ರೂಢಿ. ಮಾವಿನೆಲೆ ಸಿಗದ ಊರುಗಳಲ್ಲಿ ಬಟ್ಟೆಯ ತೋರಣ ಅದರ ಜಾಗ ತುಂಬುತ್ತದೆ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣ ಎಂಬ ರವಿಕೆಯ ಬಟ್ಟೆ, ಇಳಕಲ್ ಸೀರೆಯ ಅಂಚು ಇದಕ್ಕೆ ಚೆನ್ನಾಗಿ ಒಪ್ಪುತ್ತವೆ. 12 ಸೆಂ.ಮೀ. ಚೌಕದ ತುಂಡನ್ನು ಮೂಲೆಯಿಂದ ಮೂಲೆಗೆ ಒಮ್ಮೆ ಮಡಚಿ, ಮತ್ತೊಮ್ಮೆ ಅರ್ಧಕ್ಕೆ ಮಡಚಿದರೆ ತ್ರಿಕೋನವಾಗುತ್ತದೆ. ಕತ್ತರಿಸಿದ ಅಂಚುಗಳೆಲ್ಲ ಅದರ ಒಂದೇ ಬದಿಗೆ ಬರುತ್ತವೆ. ಅಂಥ ಎಂಟು ತ್ರಿಕೋನಗಳನ್ನು ಸಾಲಾಗಿ ಇಟ್ಟರೆ ಅಗಲ 96 ಸೆಂ.ಮೀ.; ಸಾಮಾನ್ಯ ಬಾಗಿಲಿಗೆ ಇಷ್ಟು ಸಾಕು. ಸೀರೆಯ ಅಂಚಿನ ಉದ್ದನೆಯ ಪಟ್ಟಿಯನ್ನು ಎರಡಾಗಿ ಮಡಚಿ, ತ್ರಿಕೋನಗಳ ಕತ್ತರಿಸಿದ ಬದಿಯನ್ನು ಅದರೊಳಗೆ ಸೇರಿಸಿ ಒಂದೇ ಸಾಲು ಹೊಲಿದರೆ ತೋರಣ ಸಿದ್ಧ.

ಅಪ್ಪನ ಹಳೆಯ ಶರ್ಟಿನಿಂದ ದಿಂಬಿನ ಚೀಲ ಮಾಡುವುದು ಇನ್ನೂ ಸುಲಭ. ಗುಂಡಿಗಳನ್ನು ಹಾಕಿದ ಶರ್ಟನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿ, ಗುಂಡಿಯ ಸಾಲು ನಡುವೆ ಬರುವಂತೆ 42 ಸೆಂ.ಮೀ. ಚೌಕವನ್ನು ಎರಡೂ ಪದರ ಸೇರಿಸಿ ಕತ್ತರಿಸಬೇಕು. ನಾಲ್ಕೂ ಬದಿಗೆ 1 ಸೆಂ.ಮೀ. ಒಳಗೆ ಹೊಲಿದು, ಗುಂಡಿ ಬಿಚ್ಚಿ ಬಟ್ಟೆಯನ್ನು ತಿರುಗಿಸಿದರೆ 40 ಸೆಂ.ಮೀ. ದಿಂಬಿಗೆ ಚೀಲ ಸಿಗುತ್ತದೆ. ಶರ್ಟಿನ ಗುಂಡಿಗಳೇ ಚೀಲದ ಬಾಯಿ ಮುಚ್ಚುತ್ತವೆ.

ಕೌದಿಯ ಹೊಲಿಗೆ ಕೈಗೆ ಹತ್ತಿದವರಿಗೆ ಧಾರವಾಡದ ಕಸೂತಿಯೂ ದೂರವಲ್ಲ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಮೊದಲು ಇದೇ ರೀತಿ ಜಾಗ ಬಿಟ್ಟು ಬಿಟ್ಟು ಮುಂದೆ ಹೋಗಿ, ಹಿಂದಿರುಗುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾರೆ. ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ರ ಮೂಡುತ್ತದೆ. ದಿಂಬಿನ ಚೀಲದ ಮೇಲೆ ಚಿಕ್ಕ ಗೋಪುರವನ್ನೋ ತುಳಸಿಕಟ್ಟೆಯನ್ನೋ ಹೀಗೆ ಬಿಡಿಸಬಹುದು.

ಉಡುಪನ್ನು ತಿದ್ದಿ ಉಡುವುದು

ಬೆಳೆಯುವ ಮಕ್ಕಳ ಬಟ್ಟೆ ಬೇಗ ಗಿಡ್ಡವಾಗುತ್ತದೆ. ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯ ಲಂಗದ ಮಡಿಕೆ. ಹೊಸ ಲಂಗವನ್ನು ಬೇಕಾದ್ದಕ್ಕಿಂತ ಉದ್ದವಾಗಿ ಹೊಲಿಸಿ, ಕೆಳಗಿನ ಅಂಚಿನ ಮೇಲ್ಗಡೆ ಒಂದೆರಡು ಮಡಿಕೆ ಹಿಡಿಯುತ್ತಾರೆ. 2.5 ಸೆಂ.ಮೀ. ಆಳದ ಒಂದು ಮಡಿಕೆ 5 ಸೆಂ.ಮೀ. ಬಟ್ಟೆಯನ್ನು ಒಳಗಿಟ್ಟುಕೊಂಡಿರುತ್ತದೆ. ಮಗು ಎತ್ತರವಾದಂತೆ ಒಂದೊಂದೇ ಮಡಿಕೆ ಬಿಚ್ಚಿದರೆ ಅದೇ ಲಂಗ ಎರಡು ಮೂರು ವರ್ಷ ಬರುತ್ತದೆ. ಹಳೆಯ ಮಡಿಕೆಯ ಗೆರೆ ಕಂಡರೆ ಅದರ ಮೇಲೆ ಜರಿಯ ಪಟ್ಟಿ ಹೊಲಿಯುತ್ತಾರೆ. ರವಿಕೆಯ ಪಕ್ಕದ ಹೊಲಿಗೆಯಲ್ಲೂ ಹೀಗೆಯೇ ಎರಡು ಬೆರಳಗಲ ಬಟ್ಟೆ ಒಳಗೆ ಬಿಟ್ಟಿರುತ್ತಾರೆ.

ಅಮ್ಮನ ರೇಷ್ಮೆ ಸೀರೆಯ ನಡುಭಾಗ ಸವೆದರೂ ಅಂಚು, ಸೆರಗು ಗಟ್ಟಿಯಾಗಿರುತ್ತವೆ. ಅದರಿಂದ ಮಗಳಿಗೆ ಲಂಗ ಹೊಲಿಸುವುದು, ಉಳಿದ ತುಂಡಿನಿಂದ ಕೂಸಿಗೆ ಕುಂಚಿಗೆ ಮಾಡುವುದು ಹಳೆಯ ಪದ್ಧತಿ. ತಲೆಗೆ ಟೊಪ್ಪಿಗೆಯಂತೆ ಕೂತು ಬೆನ್ನಿನ ಮೇಲೆ ಇಳಿಬೀಳುವ ಕುಂಚಿಗೆ ಎಳೆಗೂಸನ್ನು ಗಾಳಿಯಿಂದ ಕಾಪಾಡುತ್ತದೆ.

ಮೊಣಕಾಲಿನಲ್ಲಿ ಹರಿದ ಜೀನ್ಸ್ ಪ್ಯಾಂಟನ್ನೂ ಕೌದಿಯ ಕ್ರಮದಲ್ಲೇ ಸರಿಪಡಿಸಬಹುದು. ಹರಿದ ಜಾಗಕ್ಕಿಂತ ಎಲ್ಲ ಕಡೆಯೂ 3 ಸೆಂ.ಮೀ. ದೊಡ್ಡದಾದ ಗಟ್ಟಿ ಬಟ್ಟೆಯನ್ನು ಒಳಗಿನಿಂದ ಇಟ್ಟು, ಹೊರಗಿನಿಂದ ಹತ್ತಿರ ಹತ್ತಿರ ಸಾಲು ಹೊಲಿಯಬೇಕು. ತೇಪೆಯ ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಅವು ಎದ್ದು ಬರುವುದಿಲ್ಲ.

ಕಾಪಾಡುವ ಬಗೆ

ಕೌದಿಯನ್ನು ತಣ್ಣೀರಿನಲ್ಲಿ ಒಗೆದು, ಹಿಂಡದೆ, ಬಿಸಿಲಿಗೆ ಹರಡಿ ಒಣಗಿಸಬೇಕು. ಬಣ್ಣ ಬಿಡುವ ತುಂಡುಗಳಿದ್ದರೆ ಮೊದಲ ಸಲ ಬೇರೆಯಾಗಿ ಒಗೆಯುವುದು ಲೇಸು. ಒಳಗೆ ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ. ಪೂರ್ತಿ ಒಣಗಿದ ಮೇಲೆಯೇ ಮಡಚಿಡಬೇಕು. ಮೇಲಿನ ತುಂಡು ಹರಿದರೆ ಅದರ ಮೇಲೆ ಇನ್ನೊಂದು ತುಂಡು ಹಾಕಿ ಹೊಲಿದರಾಯಿತು. ಹೀಗೆ ತೇಪೆ ಹಾಕುತ್ತಾ ಬಂದ ಕೌದಿಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿವೆ. ಹೊರದೇಶದಲ್ಲಿ ಬೆಳೆಯುವ ಕನ್ನಡದ ಮಕ್ಕಳಿಗೂ ಈ ಕೆಲಸ ಕೈಗೆಟುಕುವಂಥದೇ. ಮನೆಯ ಹಳೆ ಬಟ್ಟೆ, ಒಂದು ಸೂಜಿ, ಒಂದು ಉಂಡೆ ದಾರ ಮತ್ತು ಜೊತೆಗೆ ಕುಳಿತು ಕಲಿಸುವ ಹಿರಿಯರೊಬ್ಬರು ಇದ್ದರೆ ಮೊದಲ ಆಸನವನ್ನು ಈ ರಜೆಯಲ್ಲೇ ಶುರುಮಾಡಬಹುದು.